ಕಣ್ಣಿಲೆ ಓಡುವ ನಾಯಿ

ರಬಕವಿಯ ನಮ್ಮ ಸೋದರಮಾವನ ನಾಯಿಗೆ ನಾಲ್ಕು ವರ್ಷದ ಹಿಂದೆ ತೊಡೆಯಲ್ಲಿ ಒಂದು ಗಂಟು ಎದ್ದಿತ್ತು. ಲಿಂಬೆಹಣ್ಣಿನಷ್ಟು ಗಾತ್ರದ್ದು. ದೊಡ್ಡ ಊರಿಗೆ ಒಯ್ದು ತೆಗೆಸಿದರು. ಅರ್ಧ ಗಂಟೆಯ ಕೆಲಸ ಎಂದಿದ್ದರು, ಅಷ್ಟರಲ್ಲೇ ಮುಗಿಯಿತು. ಆದರೆ ನಾಯಿ ಸಂಜೆಗೆ ಏಳಲಿಲ್ಲ, ರಾತ್ರಿಗೂ ಏಳಲಿಲ್ಲ. ಮಗ್ಗದ ಶೆಡ್ಡಿನ ಬಾಗಿಲಲ್ಲಿ ಗೋಣಿತಟ್ಟಿನ ಮೇಲೆ ಮಲಗಿಸಿ, ಅದರ ಪಕ್ಕೆಯ ಮೇಲೆ ಕೈಯಿಟ್ಟುಕೊಂಡು ಮಾವ ಬೆಳಗಿನವರೆಗೆ ಕೂತಿದ್ದ. ಅಂದು ನಮ್ಮ ಓಣಿಯಲ್ಲಿ ಆ ಒಂದು ಶೆಡ್ಡಿನ ಮಗ್ಗ ಮಾತ್ರ ನಿಂತಿತ್ತು. ಮರುದಿನ ಮಧ್ಯಾಹ್ನ ನಾಯಿ ಕಣ್ಣು ಬಿಟ್ಟಿತು. ಬದುಕಿತು. ಆದರೆ ಆಮೇಲೆ ಮೊದಲಿನ ಹಾಗೆ ಓಡಲಿಲ್ಲ.

"ಇದು ಬ್ಯಾಟಿ ನಾಯಿರೀ, ಮೈಯಾಗ ಕೊಬ್ಬಿಲ್ಲ, ಮದ್ದು ಕಡಿಮಿ ಹಾಕ್ರಿ ಅಂತ ಹೇಳಿದ್ನಿ," ಎಂದು ಮಾವ ಎಷ್ಟೋ ಸಲ ಹೇಳಿದ್ದಾನೆ. "ನೀವು ನೇಕಾರ್ರು, ನಿಮಗೇನ ಗೊತ್ತು ಅಂದ್ರು."

ನಾನು ದಕ್ಷಿಣ ಮಹಾರಾಷ್ಟ್ರ ಸಂಸ್ಥಾನಗಳು ಎಂದು ಹಳೆಯ ಕಾಗದಗಳು ಕರೆಯುವ ಜಮಖಂಡಿ, ಮುಧೋಳಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು. ನಾಯಿಯ ಲಿವರಿನ ಬಗ್ಗೆ ಓದಬೇಕಾದ ಪ್ರಸಂಗ ನನ್ನ ವಿಷಯಕ್ಕೆ ಬರುವುದಿಲ್ಲ. ಆದರೂ ಮಾವನ ಮಾತು ಕಿವಿಯಲ್ಲಿ ಉಳಿದಿತ್ತಾದ್ದರಿಂದ ಒಂದು ದಿನ ಹುಡುಕಿ ಓದಿದೆ. ಥಯೋಪೆಂಟೋನ್‌ನಂಥ ಹಳೆಯ ಅರಿವಳಿಕೆ ಮದ್ದು ಕೊಟ್ಟಾಗ ಪ್ರಾಣಿ ಎಚ್ಚರಾಗುವುದು ಮದ್ದು ಕರಗಿಹೋದದ್ದರಿಂದಲ್ಲ. ಮದ್ದು ಮಿದುಳನ್ನು ಬಿಟ್ಟು ಸ್ನಾಯುವಿಗೆ, ಕೊಬ್ಬಿಗೆ ಹೋಗಿ ಕೂರುವುದರಿಂದ. ಕೊಬ್ಬೇ ಇಲ್ಲದ ಮೈಯಲ್ಲಿ ಅದಕ್ಕೆ ಕೂರಲು ಜಾಗವಿಲ್ಲ, ಅದು ರಕ್ತದಲ್ಲೇ ಸುತ್ತುತ್ತಿರುತ್ತದೆ. ಗ್ರೇಹೌಂಡ್ ನಾಯಿಗಳಲ್ಲಂತೂ ಲಿವರ್ ಕೂಡ ಈ ಮದ್ದನ್ನು ನಿಧಾನವಾಗಿ ಒಡೆಯುತ್ತದೆ ಎಂದು 1980ರ ದಶಕದಲ್ಲೇ ಪ್ರಯೋಗ ಮಾಡಿ ಬರೆದಿದ್ದಾರೆ. ಮಾವನ ನಾಯಿಗೆ ಯಾವ ಮದ್ದು ಕೊಟ್ಟರೆಂದು ಚೀಟಿಯಲ್ಲಿ ಇರಲಿಲ್ಲ, ಆದ್ದರಿಂದ ಯಾರ ತಪ್ಪೆಂದು ಹೇಳಲಾರೆ. ಆದರೆ ಮಾವ ಹೇಳಿದ್ದು ಪುಸ್ತಕದಲ್ಲಿತ್ತು. ಅವನಿಗೆ ಅದನ್ನು ಹೇಳಿಕೊಟ್ಟದ್ದು ಪುಸ್ತಕವಲ್ಲ, ಮರಿ ಕೊಟ್ಟ ಬೀಳಗಿ ಕಡೆಯ ಒಬ್ಬ ಮುದುಕ.

ಅದೇ ಹೊತ್ತಿಗೆ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯ ಗೆಳತಿ, ಪ್ರಾಣಿಶಾಸ್ತ್ರದವಳು, ವಾಲ್ರಸ್‌ಗಳ ಬಗ್ಗೆ ಒಂದು ಸೆಮಿನಾರಿಗೆ ತಯಾರಿ ನಡೆಸಿದ್ದಳು. ಹಿಮಸಮುದ್ರದಲ್ಲಿರುವ, ಎರಡು ಉದ್ದ ಕೋರೆಗಳ, ಒಂದು ಟನ್ನಿಗೂ ಮೀರಿ ತೂಗುವ ಆ ಪ್ರಾಣಿಗೂ ಮಳೆ ಕಾಣದ ನಮ್ಮ ಸೀಮೆಗೂ ಏನು ಸಂಬಂಧ ಎಂದು ನಾನು ನಗುತ್ತಿದ್ದೆ. ಅವಳು ಹೇಳಿದ ಒಂದು ಸಂಗತಿ ಮಾತ್ರ ನಗು ನಿಲ್ಲಿಸಿತು. ವಾಲ್ರಸ್ ತನ್ನ ಕೋರೆಗಳಿಂದ ಕಡಲತಳವನ್ನು ನೇಗಿಲಂತೆ ಉತ್ತು ಚಿಪ್ಪುಜೀವಿಗಳನ್ನು ತಿನ್ನುತ್ತದೆ ಎಂದು ಪುಸ್ತಕಗಳು ಬಹುಕಾಲ ಬರೆದವು. ಅದು ಹಾಗೆ ಮಾಡುವುದಿಲ್ಲ. ಮೂತಿಯ ಮೀಸೆಗಳಿಂದ ತಡಕಿ ಚಿಪ್ಪಿನೊಳಗಿನ ಮಾಂಸವನ್ನು ಬಾಯಿಂದ ಹೀರಿಕೊಳ್ಳುತ್ತದೆ. ಇದನ್ನು ವಿವರವಾಗಿ ತೋರಿಸಿದವರಲ್ಲಿ ಅಮೆರಿಕದ ಫ್ರಾನ್ಸಿಸ್ ಫೇ ಮುಖ್ಯರು. 1950ರ ದಶಕದಿಂದ ಬೇರಿಂಗ್ ಸಮುದ್ರದ ಸೇಂಟ್ ಲಾರೆನ್ಸ್ ದ್ವೀಪದ ಯುಪಿಕ್ ಬೇಟೆಗಾರರ ಜೊತೆ ಕೆಲಸ ಮಾಡಿ, 1982ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದವರು. ತಲೆಮಾರುಗಳಿಂದ ವಾಲ್ರಸ್ಸಿನ ಹೊಟ್ಟೆ ಸೀಳಿ ಅದರೊಳಗಿನ ಚಿಪ್ಪುಮಾಂಸವನ್ನು ತಾವೂ ತಿಂದವರಿಗೆ, ಅದರಲ್ಲಿ ಒಡೆದ ಚಿಪ್ಪು ಕಾಣುವುದಿಲ್ಲ ಎಂಬುದನ್ನು ಯಾರೂ ಕಲಿಸಬೇಕಿರಲಿಲ್ಲ. ಇಂದಿಗೂ ಅಲಾಸ್ಕದಲ್ಲಿ ಬೇಟೆಗಾರರು ಕೊಡುವ ಹಲ್ಲನ್ನು ಕೊಯ್ದು, ಅದರ ಪದರಗಳನ್ನು ಮರದ ಉಂಗುರಗಳಂತೆ ಎಣಿಸಿ ವಿಜ್ಞಾನಿಗಳು ವಯಸ್ಸು ತಿಳಿಯುತ್ತಾರೆ. 1978ರಲ್ಲಿ ಹುಟ್ಟಿದ ಎಸ್ಕಿಮೊ ವಾಲ್ರಸ್ ಕಮಿಷನ್ ಎಂಬ ಸಂಸ್ಥೆಯಲ್ಲಿ ಬೇಟೆಯ ಹಳ್ಳಿಗಳ ಪ್ರತಿನಿಧಿಗಳೇ ಕೂರುತ್ತಾರೆ. ಹಿಮ ಕರಗಿ 2014ರ ಸೆಪ್ಟೆಂಬರಿನಲ್ಲಿ ಪಾಯಿಂಟ್ ಲೇ ಎಂಬ ಹಳ್ಳಿಯ ದಡಕ್ಕೆ ಸುಮಾರು 35,000 ವಾಲ್ರಸ್‌ಗಳು ಬಂದು ಬಿದ್ದಾಗ, ಸದ್ದಿಗೆ ಬೆದರಿ ಕಾಲ್ತುಳಿತವಾದರೆ ಮರಿಗಳು ಸಾಯುತ್ತವೆ, ವಿಮಾನ ಹಾರಿಸಬೇಡಿ, ನೋಡಲು ಬರಬೇಡಿ ಎಂದು ಕೇಳಿಕೊಂಡವರೂ ಆ ಹಳ್ಳಿಯವರೇ.

ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಆದರೆ ಪ್ರಾಣಿಯನ್ನು ಬೇಟೆಯಿಂದ ಬಲ್ಲವನ ತಿಳಿವಳಿಕೆಗೆ ವಿಜ್ಞಾನದ ಕಡತದಲ್ಲಿ ಒಂದು ಸಾಲು ಜಾಗವಿದೆ. ಮುಧೋಳದ ನಾಯಿಯ ಕಡತದಲ್ಲಿ ಆ ಸಾಲು ಎಲ್ಲಿದೆ ಎಂದು ನಾನು ಹುಡುಕತೊಡಗಿದ್ದು ಹೀಗೆ.

ಮುಧೋಳ ನಾಯಿಯ ಚರಿತ್ರೆ ಎಂದು ಎಲ್ಲೆಡೆ ಸಿಗುವುದು ಒಂದೇ ಕತೆ. 1900ರಿಂದ 1937ರವರೆಗೆ ಮುಧೋಳ ಸಂಸ್ಥಾನ ಆಳಿದ ಮಾಲೋಜಿರಾವ್ ಘೋರ್ಪಡೆ, ಸುತ್ತಲಿನ ಬೇಡರು ಸಾಕಿದ್ದ ಈ ನಾಯಿಗಳನ್ನು ಕಂಡು ಮೆಚ್ಚಿ ಅರಮನೆಯಲ್ಲಿ ತಳಿ ಬೆಳೆಸಿದರು. ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು. ದೊರೆ ಅದನ್ನು ಮುಧೋಳ್ ಹೌಂಡ್ ಎಂದು ಕರೆದ. ಈ ಕತೆಗೆ 1937ರ ಇಸವಿ ಹಾಕುವ ಬರಹಗಳನ್ನು ಕಂಡಾಗಲೆಲ್ಲ ನಾನು ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ, ಏಕೆಂದರೆ ಜಾರ್ಜ್ ತೀರಿಕೊಂಡದ್ದು 1936ರ ಜನವರಿಯಲ್ಲಿ. ಅದಿರಲಿ. ಘೋರ್ಪಡೆ ಎಂಬ ಮನೆತನದ ಹೆಸರೇ ಉಡದಿಂದ ಬಂದದ್ದು, ಅವರ ಹಿರೀಕನೊಬ್ಬ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದನೆಂಬ ಐತಿಹ್ಯವಿದೆ. ಉಡದ ಹೆಸರಿನ ಮನೆತನದಿಂದ ಊರಿನ ಹೆಸರು ನಾಯಿಗೆ ಬಂತು ಎಂಬುದು ನನಗೆ ಇಷ್ಟವಾದ ತಿರುವು. ಮಾಲೋಜಿರಾವ್ ಅವರ ಆಸಕ್ತಿ ನಿಜವಾದದ್ದೇ. ಆದರೆ ಈ ಕತೆಯಲ್ಲಿ ಬೇಡರು ಮೊದಲ ವಾಕ್ಯದಲ್ಲಿ ಬಂದು ಎರಡನೆಯದರಲ್ಲಿ ಮಾಯವಾಗುತ್ತಾರೆ.

ಆ ಬೇಡರು ಯಾರು? ಹತ್ತನೆಯ ಇಯತ್ತೆಯ ಕನ್ನಡ ಪಠ್ಯದಲ್ಲಿ ಲಾವಣಿ ಓದಿದ ಎಲ್ಲರಿಗೂ ಗೊತ್ತಿರುವವರೇ. ಹಲಗಲಿ ಇರುವುದು ಮುಧೋಳ ಸೀಮೆಯಲ್ಲಿ. 1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದು ಆಯುಧ ಒಪ್ಪಿಸಿರೆಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಬಂತು, ಊರು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿದರು. ಕತ್ತಿ, ಕೋವಿ ಕಳೆದುಕೊಂಡರೆ ಬೇಟೆಯಿಂದ ಬದುಕುವವನಿಗೆ ಉಳಿಯುವುದೇನು? ಕಾಯಿದೆಯ ಆಯುಧಗಳ ಪಟ್ಟಿಗೆ ಸೇರದ ಒಂದು ಆಯುಧ ಅವನ ಮನೆ ಬಾಗಿಲಲ್ಲಿ ಕಟ್ಟಿತ್ತು. ಅದಕ್ಕೆ ಮದ್ದುಗುಂಡು ಬೇಡ, ಪರವಾನಗಿ ಬೇಡ. 1857ರ ನಂತರ ಈ ಸೀಮೆಯಲ್ಲಿ ನಾಯಿಯ ಬೆಲೆ ಹೆಚ್ಚಿರಬೇಕು, ತಳಿಯ ಶುದ್ಧತೆಯ ಬಗ್ಗೆ ಎಚ್ಚರವೂ ಹೆಚ್ಚಿರಬೇಕು ಎಂಬುದು ನನ್ನ ಊಹೆ. ಊಹೆ ಎಂದೇ ಬರೆಯುತ್ತೇನೆ, ನನ್ನ ಮಾರ್ಗದರ್ಶಕರು ಇದನ್ನು ಪ್ರಬಂಧಕ್ಕೆ ಸೇರಿಸಲು ಬಿಟ್ಟಿಲ್ಲ.

ಹಲಗಲಿಯ ಲಾವಣಿಯನ್ನು ಸಂಗ್ರಹಿಸಿದ್ದು ಜಾನ್ ಫೆಯ್ತ್‌ಫುಲ್ ಫ್ಲೀಟ್. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನವನ್ನು ಸಂಪಾದಿಸಿದವರಲ್ಲಿಯೂ ಅದೇ ಫ್ಲೀಟ್ ಇದ್ದಾನೆ. ಟಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ, ಒಡೆಯನಾದ ಇಮ್ಮಡಿ ಬೂತುಗನಲ್ಲಿ ಊರನ್ನು ಬೇಡಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದ. ಅದು ಕಾಡುಹಂದಿಯೊಡನೆ ಕಾದಿ ಸತ್ತಾಗ ಕಲ್ಲು ನಿಲ್ಲಿಸಿದರು, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಶಾಸನದ ಕಾಲ 949–50. ಮುದುವೊಳಲಿನಲ್ಲಿ, ಅಂದರೆ ಇದೇ ಮುಧೋಳದಲ್ಲಿ, ರನ್ನ ಹುಟ್ಟಿದ ವರ್ಷವೆಂದು ಸಾಹಿತ್ಯ ಚರಿತ್ರೆ ಹೇಳುವುದೂ 949. ಕಾಳಿ ಮುಧೋಳ ನಾಯಿಯಲ್ಲ, ಆ ನೆಂಟಸ್ತನ ಕಟ್ಟುವ ಆಸೆಯೂ ನನಗಿಲ್ಲ. ನಾನು ಗಮನಿಸಿದ್ದು ಇಷ್ಟೇ: ಆ ಕಲ್ಲಿನಲ್ಲಿ ನಾಯಿಗೆ ಹೆಸರಿದೆ, ಕೊಟ್ಟವನಿಗೆ ಹೆಸರಿದೆ, ಪಡೆದವನಿಗೆ ಹೆಸರಿದೆ. ಅದನ್ನು ಪಳಗಿಸಿದವನು ಅಲ್ಲಿಯೂ ಇಲ್ಲ.

ಇನ್ನು ನಾಯಿಯ ಮೈಗೆ ಬರೋಣ. ಮುಧೋಳ ನಾಯಿಯನ್ನು ಮೊದಲ ಸಲ ನೋಡಿದ ಪರವೂರಿನವರು ಕೇಳುವ ಪ್ರಶ್ನೆ, ಇದಕ್ಕೆ ಅನ್ನ ಹಾಕುವುದಿಲ್ಲವೇ ಎಂಬುದು. ಭುಜದವರೆಗೆ ಎರಡಡಿಗಿಂತ ಎತ್ತರ, ಎಣಿಸಬಹುದಾದ ಪಕ್ಕೆಲುಬು, ಒಳಕ್ಕೆ ಸೆಳೆದ ಹೊಟ್ಟೆ, ಆಳವಾದ ಎದೆ, ಉದ್ದ ಮೂತಿ. ಗ್ರೇಹೌಂಡ್, ಅರಬರ ಸಲೂಕಿ, ಅಫಘಾನರ ತಾಜಿ ಇವೆಲ್ಲ ಕಣ್ಣಿನಿಂದ ಬೇಟೆಯಾಡುವ ನಾಯಿಗಳ ಒಂದು ದೊಡ್ಡ ಕುಟುಂಬ. ಮುಧೋಳವೂ ಆ ಸಾಲಿನದು. ಇದನ್ನು ಕೆಲವರು ಕಾರವಾನಿ ಎನ್ನುತ್ತಾರೆ, ವರ್ತಕರ ಸಾರ್ಥಗಳ ಜೊತೆ ಬಂದದ್ದೆಂಬ ನೆನಪು ಆ ಹೆಸರಿನಲ್ಲಿದೆ. ಉದ್ದ ಮೂತಿಗೂ ಕಣ್ಣಿಗೂ ನಂಟಿದೆ. ಮೂತಿ ಉದ್ದವಾದಷ್ಟೂ ಅಕ್ಷಿಪಟಲದ ನರಕೋಶಗಳು ಅಡ್ಡಲಾಗಿ ಒಂದು ಪಟ್ಟಿಯಂತೆ ಹರಡಿರುತ್ತವೆ ಎಂದು ಆಸ್ಟ್ರೇಲಿಯದ ಸಂಶೋಧಕರು 2004ರಲ್ಲಿ ತೋರಿಸಿದರು. ದಿಗಂತದುದ್ದಕ್ಕೂ ಏನು ಅಲುಗಿದರೂ ಕಾಣುವ ಕಣ್ಣು ಅದು. ಬಯಲಿನಲ್ಲಿ ಚಿಂಕಾರ ಕಿವಿ ಅಲುಗಿಸಿದರೆ ಸಾಕು. ಓಡುವಾಗ ಒಂದೊಂದು ನೆಗೆತದಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ, ಮೈ ಚಾಚಿದಾಗ ಒಮ್ಮೆ, ಮುದುಡಿದಾಗ ಒಮ್ಮೆ.

ಈ ಓಟಕ್ಕೆ ತಕ್ಕ ರಕ್ತವೂ ಬೇಕು. ಸಾಮಾನ್ಯ ನಾಯಿಯ ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡಾ 37ರಿಂದ 55 ಎಂದರೆ, ಗ್ರೇಹೌಂಡಿನಲ್ಲಿ 50ರಿಂದ 60ರ ಮೇಲಕ್ಕೂ ಹೋಗುತ್ತದೆ. ಹೃದಯ ಮೈಯ ತೂಕಕ್ಕೆ ಹೋಲಿಸಿದರೆ ದೊಡ್ಡದು, ಥೈರಾಯ್ಡ್ ಹಾರ್ಮೋನಿನ ಪ್ರಮಾಣ ಕಡಿಮೆ. ಇದನ್ನರಿಯದೆ ಸಾಮಾನ್ಯ ನಾಯಿಯ ಪಟ್ಟಿ ಎದುರಿಗಿಟ್ಟುಕೊಂಡು ನೋಡಿದರೆ ಆರೋಗ್ಯವಂತ ನಾಯಿಯೇ ರೋಗಿಯಂತೆ ಕಾಣುತ್ತದೆ. ರಕ್ತ ಗಟ್ಟಿ, ನೀರು ಕುಡಿದಿಲ್ಲ ಎಂದೋ, ಥೈರಾಯ್ಡ್ ತೊಂದರೆ ಎಂದೋ ಮಾತ್ರೆ ಬರೆದುಕೊಡುತ್ತಾರೆ. ಒಂದು ತಳಿಗೆ ಅದರದ್ದೇ ಆದ ಸಹಜ ಎಷ್ಟು ಎಂಬ ಪಟ್ಟಿ ಬೇಕು ಎನ್ನುವುದು ಹೊರಗಿನಿಂದ ನೋಡಿದರೆ ತೀರ ನೀರಸ ಸಂಶೋಧನೆ. ಮಗ್ಗದ ಶೆಡ್ಡಿನ ಬಾಗಿಲಲ್ಲಿ ಒಂದು ರಾತ್ರಿ ಕಳೆದವರಿಗೆ ಹಾಗನ್ನಿಸುವುದಿಲ್ಲ.

ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಶುರುವಾದದ್ದು 2010ರ ಆಸುಪಾಸಿನಲ್ಲಿ. ತಳಿ ಕಾಪಾಡುವುದು, ಮರಿ ಬೆಳೆಸಿ ಕೊಡುವುದು, ಸಾಕುವವರಿಗೆ ತಿಳಿವಳಿಕೆ ಕೊಡುವುದು ಅದರ ಕೆಲಸ. ಅಂಥದೊಂದು ಕೇಂದ್ರ ಇಲ್ಲದಿದ್ದರೆ ಇವತ್ತು ಮಾತಾಡಲು ತಳಿಯೇ ಇರುತ್ತಿರಲಿಲ್ಲವೇನೋ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಈ ನಾಯಿಯ ಚೀಟಿ ತಂದಿತ್ತು. 2016ರಲ್ಲಿ ತಿಮ್ಮಾಪುರದ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ವಾಯುಪಡೆ ರನ್‌ವೇಯಿಂದ ಹಕ್ಕಿಗಳನ್ನು ಓಡಿಸಲು ಕೆಲವನ್ನು ಒಯ್ದಿತು. 2020ರ ಆಗಸ್ಟಿನಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದ ಮೇಲಂತೂ ಮರಿ ಕೇಳಿಕೊಂಡು ಬರುವವರ ಕಾರುಗಳು ಮುಧೋಳದ ಹಳ್ಳಿಗಳಲ್ಲಿ ಧೂಳೆಬ್ಬಿಸಿದವು.

ಇಲ್ಲಿ ನನಗೊಂದು ತಕರಾರಿದೆ. ಸೇನೆಗೂ ಪೊಲೀಸರಿಗೂ ಮುಖ್ಯವಾಗಿ ಬೇಕಿರುವುದು ಮೂಗಿನ ನಾಯಿ, ಬಾಂಬು ಮೂಸುವ, ಜಾಡು ಹಿಡಿಯುವ ನಾಯಿ. ಅಪರಿಚಿತರು ಮುಟ್ಟಿದರೆ ಮುಖ ತಿರುಗಿಸುವ, ಒಬ್ಬಿಬ್ಬರ ಮಾತು ಮಾತ್ರ ಕೇಳುವ, ಕಂಡದ್ದರ ಹಿಂದೆ ಹಾರುವ ನಾಯಿಯನ್ನು ಆ ಪರೀಕ್ಷೆಗೆ ಕೂರಿಸಿ ಪಾಸು ನಪಾಸು ಹೇಳುವುದು ಈಜುವುದರಲ್ಲಿ ಕುದುರೆಯನ್ನು ಅಳೆದಂತೆ ಎಂದು ನಾನು ವಾದಿಸುತ್ತಿದ್ದೆ. ನನ್ನ ವಾದವನ್ನು ರಿಯಾ ಎಂಬ ಹೆಣ್ಣು ನಾಯಿ ಅರ್ಧ ಕೆಡಿಸಿದೆ. ಗಡಿ ಭದ್ರತಾ ಪಡೆಯ ಈ ಮುಧೋಳ ನಾಯಿ 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಜಾಡು ಹಿಡಿಯುವ ವಿಭಾಗದಲ್ಲೇ ವಿದೇಶಿ ತಳಿಗಳನ್ನು ಹಿಂದಿಕ್ಕಿ ಮೊದಲಾಯಿತು. ಅದಕ್ಕೆ ಮೂಗೂ ಇದೆ, ಯಾರೋ ತಾಳ್ಮೆಯಿಂದ ಕಲಿಸಿದ್ದಾರೆ. ಉಳಿದ ಅರ್ಧ ವಾದವನ್ನು ಮಾತ್ರ ಬಿಡಲಾರೆ. ಸಮವಸ್ತ್ರಕ್ಕೆ ಒಗ್ಗುವ ನಾಯಿಗಳನ್ನೇ ಆರಿಸಿ ಮರಿ ಹಾಕಿಸುತ್ತ ಹೋದರೆ ಹತ್ತಿಪ್ಪತ್ತು ತಲೆಯ ನಂತರ ಉಳಿಯುವುದು ಮುಧೋಳದ ಮೈಯುಳ್ಳ ಇನ್ನೊಂದು ನಾಯಿ.

ಮಾರುಕಟ್ಟೆಗಾಗಿ ಆರಿಸಿದರೆ ಇನ್ನೂ ಬೇಗ. ಲೋಕಾಪುರದ ಕಡೆ ಒಬ್ಬರ ಮನೆಯಲ್ಲಿ ನಾನು ಮರಿಗಳ ಲೆಕ್ಕದ ಪುಸ್ತಕ ನೋಡಿದೆ. ಆರು ಬಾಣಂತಿ ನಾಯಿಗಳು, ಅಪ್ಪ ಒಂದೇ. ಆ ಅಪ್ಪನ ಎರಡು ಮಕ್ಕಳೂ ಆ ಆರರಲ್ಲಿದ್ದವು. ತಂದೆ–ಮಗಳ ಮರಿಗಳಲ್ಲಿ ಪ್ರತಿ ನೂರು ಜೋಡಿ ವಂಶವಾಹಿಗಳಲ್ಲಿ ಸರಾಸರಿ 25 ಒಂದೇ ಪೂರ್ವಜನಿಂದ ಬಂದ ನಕಲುಗಳಾಗಿರುತ್ತವೆ. ಅಡಗಿದ್ದ ದೋಷಗಳು ಹೊರಬರಲು ಅಷ್ಟು ಸಾಕು. ಇನ್ನೊಂದು ಕಡೆ ಓಟದ ಪಂದ್ಯಕ್ಕೆಂದು ಗ್ರೇಹೌಂಡ್ ರಕ್ತ ಬೆರೆಸುವವರು. ಮರಿ ಚಂದ ಓಡುತ್ತದೆ, ನಮ್ಮ ಕಲ್ಲು, ಮುಳ್ಳು, ಬಿಸಿಲಿಗೆ ಅದರ ಪಾದ ತಾಳುವುದಿಲ್ಲ.

ಇಷ್ಟಕ್ಕೆಲ್ಲ ಮೂಲದಲ್ಲಿ, ಈ ನಾಯಿ ಕೆಲಸ ಕಳೆದುಕೊಂಡಿದೆ. 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ನಿಲ್ಲಿಸಿತು, ನಿಲ್ಲಿಸಬೇಕಾಗಿಯೂ ಇತ್ತು. 2016ರಲ್ಲಿ ಬೀಳಗಿ, ಮುಧೋಳ ತಾಲೂಕುಗಳ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡು ಯಡಹಳ್ಳಿ ಚಿಂಕಾರ ವನ್ಯಧಾಮವಾಯಿತು. ನೀರಿಲ್ಲದೆ ಎಲೆಯ ತೇವದಲ್ಲೇ ದಿನಗಟ್ಟಲೆ ಬಾಳುವ ಈ ಪುಟ್ಟ ಹುಲ್ಲೆಗೆ ದಕ್ಷಿಣದಲ್ಲಿ ಉಳಿದಿರುವ ನೆಲೆಗಳಲ್ಲಿ ಇದೂ ಒಂದು. ಹೀಗೆ ಒಂದೇ ಸೀಮೆಯಲ್ಲಿ ಓಡಿಸಿಕೊಂಡು ಹೋಗುತ್ತಿದ್ದ ಪ್ರಾಣಿಗೆ ಸಂಶೋಧನಾ ಕೇಂದ್ರವೂ ಓಡುತ್ತಿದ್ದ ಪ್ರಾಣಿಗೆ ಅಭಯಾರಣ್ಯವೂ ಸಿಕ್ಕವು. ಒಂದರ ಕಾಲು ಇನ್ನೊಂದರ ಕಣ್ಣನ್ನು ತಿದ್ದಿದ್ದು, ಆ ಕಣ್ಣು ಈ ಕಾಲನ್ನು ತಿದ್ದಿದ್ದು ಇದೇ ಬಯಲಿನಲ್ಲಿ. ಇವೆರಡರ ನಡುವೆ ನಿಂತು ಎರಡನ್ನೂ ನೋಡಿದವನಿಗೆ ಮಾತ್ರ ಏನೂ ಸಿಗಲಿಲ್ಲ. ಕಾಯಿದೆಯ ದೃಷ್ಟಿಯಲ್ಲಿ ಅವನು ಅಪರಾಧಿ, ಆದ್ದರಿಂದ ತನಗೆ ಗೊತ್ತಿರುವುದನ್ನು ಹೇಳಲು ಹೆದರುತ್ತಾನೆ.

ಮಾವನಿಗೆ ಮರಿ ಕೊಟ್ಟ ಮುದುಕನನ್ನು ಹೋದ ಶ್ರಾವಣದಲ್ಲಿ ಹುಡುಕಿಕೊಂಡು ಹೋದೆ. ಎಂಬತ್ತು ದಾಟಿದೆ, ಒಂದು ಕಣ್ಣಿಗೆ ಪೊರೆ. ಮೊದಲ ಎರಡು ಭೇಟಿಯಲ್ಲಿ, "ನಮಗೇನೂ ಗೊತ್ತಿಲ್ಲ ತಂಗಿ, ಸಾಯಬರನ್ನ ಕೇಳು" ಎಂದಷ್ಟೇ ಹೇಳಿದ. ಮೂರನೆಯ ಸಲ ಮಾವನನ್ನೂ ಕರೆದೊಯ್ದೆ. ನಾಯಿ ಎದ್ದಿರದ ರಾತ್ರಿಯ ಕತೆಯನ್ನು ಮಾವ ಹೇಳಿದ ಮೇಲೆ ಮುದುಕ ಬಾಯಿ ಬಿಟ್ಟ. "ಇದು ಕಣ್ಣಿಲೆ ಓಡೋ ನಾಯಿ. ಮರಿ ಇದ್ದಾಗ ಮೂರು ತಿಂಗಳು ಬಯಲ ತೋರಿಸಬೇಕು. ಗ್ವಾಡಿ ನೋಡಕೋತ ಬೆಳದ್ರ ದೂರದ ನೋಟ ಹೋಗತೈತಿ. ಓಡಿ ಬಂದ ಕೂಡಲೆ ನೀರ ಕೊಡಬಾರದು. ಒಂದ ಸೂಲಿನ ಅಪ್ಪನ್ನ ಆ ಊರಾಗ ಮತ್ತ ಬಿಡಬಾರದು, ಹಳ್ಳ ದಾಟಿಸಿ ಕಳಸಬೇಕು."

ಅಪ್ಪನಾಯಿಯನ್ನು ಹಳ್ಳ ದಾಟಿಸುವ ಆ ಕಟ್ಟಳೆಯನ್ನು ಬರೆದುಕೊಳ್ಳುವಾಗ ಲೋಕಾಪುರದ ಲೆಕ್ಕದ ಪುಸ್ತಕ ನೆನಪಾಯಿತು. ಆಮೇಲೆ ಆತ ತನ್ನ ನಾಯಿಗಳ ವಂಶ ಹೇಳತೊಡಗಿದ, ತಾಯಿಯ ಸಾಲಿನಿಂದ: ಮಾವನ ನಾಯಿಯ ಅವ್ವ, ಅವಳ ಅವ್ವ, ಅವಳ ಅವ್ವ. ಪ್ರತಿಯೊಂದಕ್ಕೂ ಹೆಸರು, ಬಣ್ಣ, ಎಷ್ಟು ಸೂಲು, ಹೇಗೆ ಸತ್ತಿತು. ಆರನೆಯ ಅವ್ವನವರೆಗೆ ಬಂದು ನಿಂತ. ಅದಕ್ಕೂ ಹಿಂದಿನದು ತನ್ನಪ್ಪನಿಗೆ ಬಾಯಲ್ಲಿತ್ತು, ತಾನು ಚಿಕ್ಕವನಿದ್ದೆ, ಲಕ್ಷ್ಯ ಕೊಡಲಿಲ್ಲ ಎಂದ. ಮಾವ ನನ್ನ ವಹಿಯನ್ನು ಇಸಿದುಕೊಂಡು, ತನ್ನ ನಾಯಿಯ ಹೆಸರನ್ನು ಪಟ್ಟಿಯ ಕೆಳಗೆ ತಾನೇ ಬರೆದ. ಮುಂದಿನ ವಾರ ಮತ್ತೆ ಬರುತ್ತೇವೆಂದು ಹೇಳಿ ಎದ್ದೆವು. ಗಂಡು ಸಾಲು ಇನ್ನೂ ಬಾಕಿ ಇದೆ.